ಮೊಮ್ಮಗಳಿದ್ದ ಊರಿಗೆ ನಿಂಗಮ್ಮನವರ ಜೊತೆ

ಎನ್. ಬೇಗೂರು

ಮೊದಲ ಸಲ ವಿದೇಶಕ್ಕೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿದ್ದ ಅರ್ಧ ಸಾಮಾನು ನನ್ನದಾಗಿರಲಿಲ್ಲ. ರಾಗಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಒಣಗಿಸಿದ ಅವರೆಕಾಳು, ಬಟ್ಟೆಯಲ್ಲಿ ಸುತ್ತಿದ ಬೆಲ್ಲ. ಎಲ್ಲವೂ ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನ ನಿಂಗಮ್ಮನವರದು. ಅವರ ಪೆಟ್ಟಿಗೆ ಮುಚ್ಚದೆ ಹೋದಾಗ ಮಿಕ್ಕಿದ್ದನ್ನೆಲ್ಲ ನನ್ನದಕ್ಕೆ ತುಂಬಿಸಿ, "ನಿಮ್ದ್ರಲ್ಲಿ ಬರೀ ಪುಸ್ತಕ ಅದೆ, ಜಾಗ ಇತ್ತು" ಅಂದರು.

ನಾನು ಹುಣಸೂರಿನವಳು, ಮಕ್ಕಳ ಡಾಕ್ಟರು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ. ವಾರಕ್ಕೊಂದು ದಿನ ಸರದಿಯ ಮೇಲೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆಗೆ ಹೋಗಿ ಹೃದಯದ ತೊಂದರೆ ಇರುವ ಮಕ್ಕಳನ್ನು ನೋಡುತ್ತಿದ್ದೆ. ಅವರಲ್ಲಿ ಕೆಲವರ ಹೃದಯದ ಮಾಂಸವೇ ಸೋತಿರುತ್ತಿತ್ತು. ಹೃದಯ ಹಿಗ್ಗಿ, ತೆಳ್ಳಗಾಗಿ, ರಕ್ತವನ್ನು ಒತ್ತಿ ಕಳಿಸುವ ಶಕ್ತಿ ಕಳೆದುಕೊಂಡಿರುತ್ತಿತ್ತು. ಮೈಯಲ್ಲಿ ನಿಂತ ನೀರು ಇಳಿಸುವುದಕ್ಕೆ ಒಂದು ಮಾತ್ರೆ, ಬಡಿತಕ್ಕೆ ಬಲ ಕೊಡುವುದಕ್ಕೆ ಒಂದು ಮಾತ್ರೆ. ಕೆಲವರು ಚೇತರಿಸಿಕೊಳ್ಳುತ್ತಿದ್ದರು. ಮಿಕ್ಕವರು ಒಂದೆರಡು ಸಲ ಬಂದು ಆಮೇಲೆ ಬರುತ್ತಿರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನು ವಿಚಾರಿಸಬೇಕಾಗಿರಲಿಲ್ಲ. ಸೋತ ಹೃದಯ ತೆಗೆದು ಬೇರೆಯದನ್ನು ಹಾಕುವ ಕೆಲಸ ನಮ್ಮ ದೇಶದ ದೊಡ್ಡ ಊರುಗಳಲ್ಲಿ ದೊಡ್ಡವರಿಗೆ ಆಗಷ್ಟೇ ಶುರುವಾಗಿತ್ತು. ಮಕ್ಕಳಿಗೆ ಮಾಡಿದವರು ನನಗೆ ಗೊತ್ತಿದ್ದವರಲ್ಲಿ ಯಾರೂ ಇರಲಿಲ್ಲ.

ನಿಂಗಮ್ಮನವರ ಮಗಳು ಸವಿತಾ ಒಂದು ಕಾಲಕ್ಕೆ ನನ್ನ ವಾರ್ಡಿನ ನರ್ಸು. ಗಡಿಯಾಚೆಯ ವಯನಾಡಿನ ಬಿಜುವನ್ನು ಮದುವೆಯಾಗಿ, ಕೈಗೂಸಿನ ಜೊತೆ ಇಂಗ್ಲೆಂಡಿಗೆ ಕೆಲಸಕ್ಕೆ ಹೋದಳು. ಆ ಕೂಸು ಚೈತ್ರ ಏಳು ವರ್ಷದವಳಾದಾಗ ಜ್ವರ ಬಂದು ಹೋಯಿತು. ಜ್ವರ ಹೋದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ಸಂಜೆ ಸವಿತಾ ಫೋನು ಮಾಡಿದಳು.

"ಮೇಡಂ, ಎದೆಗೆ ಎಕೋ ಸ್ಕ್ಯಾನ್ ಮಾಡಿದ್ರು. ನಾನೇ ನಿಂತ್ಕೊಂಡು ನೋಡ್ದೆ. ನಮ್ ವಾರ್ಡ್‌ನಲ್ಲಿ ನೋಡ್ತಿದ್ವಲ್ಲ, ಅದೇ."



ಚೈತ್ರಳನ್ನು ನೋಡುತ್ತಿದ್ದ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ಬದಲಿಸುವ ವಿಭಾಗವಿತ್ತು. ಅಲ್ಲಿನ ಪ್ರೊಫೆಸರಿಗೆ ಸವಿತಾಳೇ ನನ್ನ ವಿಷಯ ಹೇಳಿದಳು. ನಾನು ಅರ್ಜಿ ಹಾಕಿ ಒಂದಿಷ್ಟು ತಿಂಗಳ ತರಬೇತಿಗೆ ಕರೆ ಬಂದಾಗ ಅವಳು ಕೇಳಿದ್ದು ಒಂದೇ: "ಅವ್ವನ್ನ ಜೊತೆಗೆ ಕರ್ಕೊಂಡ್ ಬನ್ನಿ ಮೇಡಂ. ಚೈತ್ರ ಅಜ್ಜಿ ಬೇಕು ಅಂತಾಳೆ."

ನಿಂಗಮ್ಮನವರು ಮೈಸೂರು ದಾಟಿದವರಲ್ಲ. ಬಸ್ಸು ಹತ್ತಿಸಲು ಅವರ ಮಗ ಬಂದಿದ್ದ. ಕಾಡಿನಂಚಿನ ಹೊಲಕ್ಕೆ ಆನೆ ನುಗ್ಗದಂತೆ ಕಾಯುವ ಕೆಲಸ ಇದ್ದದ್ದರಿಂದ ಮೈಸೂರಿನ ತನಕ ಬರಲಾಗಲಿಲ್ಲ. ಬಸ್ಸು ಕಾಡು ದಾಟುವಾಗ ಅವರು ನನ್ನ ಕಡೆ ತಿರುಗಿ, "ಒಸಾ ಎದೆ ಆಕ್ತಾರಂತಲ್ಲ ಡಾಕ್ಟ್ರವ್ವ, ನಿಜವಾ?" ಎಂದು ಕೇಳಿದರು. ನಿಜ ಅಂದೆ. "ಇದೊಂದ್ ಆಗೋದ್ರೆ ಸಾಕು" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಲಂಡನ್

ವಿಮಾನದಲ್ಲಿ ನಿಂಗಮ್ಮನವರು ಚಪ್ಪಲಿ ಬಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತರು. ಕೊಟ್ಟ ಊಟದ ಪುಟ್ಟ ಪುಟ್ಟ ಡಬ್ಬಿಗಳನ್ನು ಬಿಚ್ಚಿ ನೋಡಿ, "ಕೂಸುಗಳು ಅಡಿಗೆ ಆಟ ಆಡ್ದಂಗದೆ" ಅಂದರು. ಬೆಣ್ಣೆಯ ಪೊಟ್ಟಣವನ್ನು ಮೊಮ್ಮಗಳಿಗೆಂದು ಮಡಿಲಲ್ಲಿಟ್ಟುಕೊಂಡಿದ್ದು ಇಳಿಯುವ ಹೊತ್ತಿಗೆ ಕರಗಿ ಸೀರೆಯೆಲ್ಲ ಜಿಡ್ಡಾಯಿತು.

ಲಂಡನ್ನಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ರಾಗಿಹಿಟ್ಟಿನ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿಸಿದರು. ಕೈಗವಸು ಹಾಕಿಕೊಂಡ ಅಧಿಕಾರಿ ಚಿಟಿಕೆ ತೆಗೆದು ಮೂಸಿದ. ಏನಿದು ಎಂದು ಕೇಳಿದ. ನಾನು ವಿವರಿಸುತ್ತಿದ್ದರೆ ನಿಂಗಮ್ಮನವರು ನಡುವೆ ಬಾಯಿ ಹಾಕಿ, "ಮುದ್ದೆ ಕಣಪ್ಪ, ಮುದ್ದೆ. ಉಣ್ಣದು" ಎಂದು ಕೈಯಲ್ಲಿ ಉಂಡೆ ಕಟ್ಟಿ, ಬಾಯಿಗಿಟ್ಟು ನುಂಗಿ ತೋರಿಸಿದರು. ಅವನು ಬಿಟ್ಟುಬಿಟ್ಟ.

ರೈಲು ನಿಲ್ದಾಣದಲ್ಲಿ ತಾನಾಗಿ ಚಲಿಸುವ ಮೆಟ್ಟಿಲ ಮೇಲೆ ಕಾಲಿಡಲು ಅವರು ಸುತರಾಂ ಒಪ್ಪಲಿಲ್ಲ. ಪಕ್ಕದ ಕಲ್ಲು ಮೆಟ್ಟಿಲಲ್ಲಿ ಇಬ್ಬರೂ ಗಂಟು ಹೊತ್ತು ಹತ್ತುತ್ತಿದ್ದಾಗ ಟೋಪಿ ಹಾಕಿದ್ದ ಮುದುಕರೊಬ್ಬರು ಏನೋ ಗೊಣಗಿ, ಅವರ ಕೈಯ ಗಂಟು ಕಿತ್ತುಕೊಂಡು ಸರಸರ ಮೇಲೆ ಹೋದರು. "ಅಯ್ಯೋ, ಗಂಟು ವೋಯ್ತು" ಎಂದು ನಿಂಗಮ್ಮನವರು ಹಿಂದೆ ಓಡಿದರು. ಮೇಲೆ ಹೋದರೆ ಮುದುಕರು ಗಂಟನ್ನು ಗೋಡೆಗೆ ಒರಗಿಸಿಟ್ಟು, ಟೋಪಿ ಎತ್ತಿ, ತಮ್ಮ ಪಾಡಿಗೆ ನಡೆದುಬಿಟ್ಟರು. ನಮ್ಮ ಕಡೆಯಾಗಿದ್ದರೆ ಯಾವೂರು, ಯಾರ ಮನೆಯವರು, ಎಷ್ಟು ಮಕ್ಕಳು ಎಂದು ಕೇಳದೆ ಯಾರೂ ಗಂಟು ಮುಟ್ಟುತ್ತಿರಲಿಲ್ಲ.

"ಮಾತೇ ಆಡ್ದಂಗೆ ಉಪಕಾರ ಮಾಡ್ತಾರಲ್ಲ" ಎಂದು ನಿಂಗಮ್ಮನವರು ರೈಲು ಹೊರಟ ಮೇಲೂ ಹೇಳುತ್ತಿದ್ದರು.

ಆಸ್ಪತ್ರೆಯ ಊರು

ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗಲೂ ಮಕ್ಕಳು ಕಾಯುತ್ತಿರುತ್ತಾರೆ. ಉತ್ತರದ ತಂಪು ಊರು, ನದಿ, ಇಟ್ಟಿಗೆ ಬಣ್ಣದ ಮನೆಗಳು, ಮಧ್ಯಾಹ್ನಕ್ಕೇ ಕತ್ತಲಾಗುವ ಚಳಿಗಾಲ.

ಚೈತ್ರ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದಿಂಬುಗಳಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಊದಿತ್ತು. ಕುತ್ತಿಗೆಯ ನರಕ್ಕೆ ಹಾಕಿದ್ದ ನಳಿಕೆಯಲ್ಲಿ ಹಗಲೂ ರಾತ್ರಿ ಔಷಧಿ ಹೋಗುತ್ತಿತ್ತು. ಅದಿಲ್ಲದಿದ್ದರೆ ಹೃದಯ ಅಷ್ಟೂ ಬಡಿಯುತ್ತಿರಲಿಲ್ಲ. ಅಜ್ಜಿಯನ್ನು ಕಂಡದ್ದೇ ಅವಳು ಕೇಳಿದ್ದು, "ಆನೆ ಮನೆಗೆ ಬರುತ್ತಾ?"

"ಮನೆಗೆ ಬರಲ್ಲ ಕಣವ್ವ, ಇತ್ಲಿಗೆ ಬತ್ತದೆ. ವೋದ್ ವರ್ಸ ಅಲಸಿನ ಮರ ಪೂರ್ತಿ ತಿಂದಾಕ್ಬುಡ್ತು."

"ನೀವು ಏನ್ ಮಾಡಿದ್ರಿ?"

"ಏನ್ ಮಾಡದು? ಬಾಗ್ಲು ಆಕ್ಕಂಡು ಸುಮ್ಕೆ ಕುಂತಿದ್ದೊ. ಅದು ಉಂಡ್ಕಂಡು ವೋಯ್ತು."

ಚೈತ್ರ ನಕ್ಕಳು. ನಗುವಿಗೆ ಉಸಿರು ಸಾಲದೆ ಕೆಮ್ಮಿದಳು. ಅಂದು ಸಂಜೆಯೊಳಗೆ ವಾರ್ಡಿನ ಎಲ್ಲ ಮಕ್ಕಳಿಗೂ ಆನೆಯ ಸುದ್ದಿ ಮುಟ್ಟಿತ್ತು.

ಆ ವಾರ್ಡಿನ ರೀತಿಗಳಿಗೆ ಒಗ್ಗಿಕೊಳ್ಳಲು ನನಗೆ ಸಮಯ ಹಿಡಿಯಿತು. ನಮ್ಮಲ್ಲಿ ಒಂದು ಹಾಸಿಗೆಯಲ್ಲಿ ಇಬ್ಬರು ಮಕ್ಕಳು, ಕೆಳಗೆ ಚಾಪೆಯ ಮೇಲೆ ಅವರ ಮನೆಯವರು. ಇಲ್ಲಿ ಒಂದು ಮಗುವಿಗೆ ಒಬ್ಬ ನರ್ಸು. ಪ್ರೊಫೆಸರು ನೆಲದ ಮೇಲೆ ಮಂಡಿಯೂರಿ, ಎದೆಗೆ ಸ್ಟೆತಾಸ್ಕೋಪ್ ಇಡಲೇ ಎಂದು ಮಗುವನ್ನೇ ಕೇಳುತ್ತಿದ್ದರು. ಬೇಡ ಎಂದರೆ ಆಮೇಲೆ ಬರುತ್ತೇನೆ ಎಂದು ಹೋಗುತ್ತಿದ್ದರು. ಏನೇ ಆದರೂ ಮಗುವಿಗೆ ಹೇಳಬೇಕು, ಸುಳ್ಳು ಹೇಳಬಾರದು. ನಾನು ನಮ್ಮ ಕಡೆಯ ಎಷ್ಟು ಮಕ್ಕಳ ಎದುರಿಗೇ ಅವರ ಸಾವಿನ ಮಾತನ್ನು ಅವರಪ್ಪನ ಜೊತೆ ಆಡಿದ್ದೆ ಎಂದು ಆ ದಿನಗಳಲ್ಲಿ ನೆನಪಾಗುತ್ತಿತ್ತು.

ಅಳುವುದಕ್ಕೂ ಅಲ್ಲಿ ಬೇರೆ ರೀತಿ. ಒಂದು ಬೆಳಿಗ್ಗೆ ಮೂಲೆಯ ಹಾಸಿಗೆಯ ಮಗು ತೀರಿಕೊಂಡಿತು. ಪರದೆ ಎಳೆದರು. ಒಳಗೆ ಟೀ ಹೋಯಿತು. ಏನೂ ಕೇಳಿಸಲಿಲ್ಲ. ನಮ್ಮ ವಾರ್ಡಿನಲ್ಲಾದರೆ ಪಕ್ಕದ ಹಾಸಿಗೆಯ ತಾಯಿ ಬಂದು ತಬ್ಬಿಕೊಳ್ಳುತ್ತಾಳೆ, ವಾರ್ಡಿಗೆ ವಾರ್ಡೇ ಅಳುತ್ತದೆ. ಮಧ್ಯಾಹ್ನ ಆ ಮಗುವಿನ ತಾಯಿ ಹೊರಗೆ ಕಾರಿನೊಳಗೆ ಗಾಜು ಏರಿಸಿಕೊಂಡು ಒಬ್ಬಳೇ ಅಳುತ್ತಿದ್ದುದನ್ನು ಕಿಟಕಿಯಿಂದ ಕಂಡ ನಿಂಗಮ್ಮನವರು, "ಪಾಪ, ಯಾರೂ ಕೂಡೆ ಇಲ್ವಲ್ಲ" ಎಂದು ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಕಾಯುವುದು

ಪ್ರತಿದಿನ ಬೆಳಿಗ್ಗೆ ನಿಂಗಮ್ಮನವರು ಕಿಟಕಿಯ ಕಡೆ ತಿರುಗಿ ಕೈಮುಗಿದು ಮನೆದೇವರಿಗೆ ಹೇಳಿಕೊಳ್ಳುತ್ತಿದ್ದರು. ಮೂಡಣ ಯಾವ ಕಡೆ ಎಂದು ನನ್ನನ್ನು ಕೇಳಿದ್ದರು. ಸೂರ್ಯ ಕಾಣದ ಊರಿನಲ್ಲಿ ನನಗೂ ತಿಳಿಯದೆ ನರ್ಸೊಬ್ಬಳನ್ನು ಕೇಳಿ ಹೇಳಿದ್ದೆ.

ಎದುರು ಹಾಸಿಗೆಯ ಹುಡುಗಿಗೆ ಹೃದಯ ಸಿಕ್ಕಿತು. ಆಪರೇಷನ್ ಆಗಿ, ಕೆಲವು ದಿನಗಳ ಮೇಲೆ ಅವಳ ಕೆನ್ನೆಗೆ ಬಣ್ಣ ಬಂದಿತ್ತು. ಅವರಪ್ಪ ಎಲ್ಲರಿಗೂ ಚಾಕೊಲೇಟು ಹಂಚಿದ. ನಿಂಗಮ್ಮನವರು ತಮ್ಮ ಪಾಲಿನದನ್ನು ಚೈತ್ರಳ ದಿಂಬಿನ ಕೆಳಗಿಟ್ಟು ನನ್ನ ಬಳಿ ಬಂದರು.

"ನಮ್ ಮಗೀಗೆ ಯಾವಾಗ ಬತ್ತದೆ?"

"ಹೊಂದೋದು ಸಿಗಬೇಕು ಅವ್ವಾ. ರಕ್ತದ ಗುಂಪು ಹೊಂದಬೇಕು, ಅಳತೆ ಹೊಂದಬೇಕು."

"ಎಲ್ ಮಾಡ್ತಾರೆ ಅದ್ನ?"

ಸವಿತಾ ಹೇಳಿರುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿರಲಿಲ್ಲ.

"ಮಾಡೋದಲ್ಲ ಅವ್ವಾ. ಬೇರೆ ಮಗುವಿನದು."

"ಬ್ಯಾರೆ ಮಗೀದು ತಗುದ್ರೆ, ಆ ಮಗ?"

"ಆ ಮಗು ಆಗಲೇ ತೀರಿಕೊಂಡಿರುತ್ತೆ. ತಲೆಗೆ ಪೆಟ್ಟಾಗಿ ಮಿದುಳು ಸತ್ತಿರುತ್ತೆ. ಮೆಷೀನಿನಿಂದ ಉಸಿರು ಕೊಡ್ತಿರೋವರೆಗೂ ಎದೆ ಬಡೀತಿರುತ್ತೆ. ಅಪ್ಪ ಅಮ್ಮ ಒಪ್ಪಿದ್ರೆ ತೆಗೀತಾರೆ."

ಅವರು ಕೂತುಕೊಂಡರು. ಮೊಮ್ಮಗಳಿಗೆಂದು ಸುಲಿಯುತ್ತಿದ್ದ ಕಿತ್ತಳೆ ಕೈಯಲ್ಲೇ ಇತ್ತು.

"ಅಂಗಾರೆ ನಾನು ದಿನಾ ದೇವ್ರ ಕೇಳ್ಕತಿದ್ದದ್ದು ಅದ್ನೇಯ?"

"ನೀವು ಕೇಳಿದ್ದಕ್ಕೆ ಯಾವ ಮಗುವೂ ಸಾಯಲ್ಲ ಅವ್ವಾ."

"ಸಾಯ್ದಿದ್ರೆ ನಮ್ ಮಗೀಗೆ ಸಿಕ್ಕಲ್ವಲ್ಲ" ಅಂದರು.

 ನಾನು ಅಷ್ಟು ದೂರ ಹೋಗಿ ಕಲಿಯುತ್ತಿದ್ದ ವಿದ್ಯೆಯೆಲ್ಲ ನಿಂತಿದ್ದುದೇ ಆ ಮಾತಿನ ಮೇಲೆ. ಮಾರನೆಯ ದಿನದಿಂದ ನಿಂಗಮ್ಮನವರು ಕಿಟಕಿಯ ಕಡೆ ತಿರುಗಿ ಕೈಮುಗಿಯುವುದನ್ನು ಬಿಟ್ಟರು. ಬೆಳಗಾಗುತ್ತಲೇ ಚೈತ್ರಳ ತಲೆ ಬಾಚಿ, ಕಾಲ ಬಳಿ ಕೂತು ಪಾದ ಒತ್ತುತ್ತಿದ್ದರು.

ಚಳಿ ಹೆಚ್ಚಾಯಿತು. ಸವಿತಾ ಅದೇ ಆಸ್ಪತ್ರೆಯಲ್ಲಿ ದೊಡ್ಡವರ ವಾರ್ಡಿನಲ್ಲಿ ಕೆಲಸ ಮುಗಿಸಿ ನೇರ ಮಗಳ ಬಳಿಗೆ ಬರುತ್ತಿದ್ದಳು. ಬಿಜು ಬ್ರೆಡ್ಡಿನ ಕಾರ್ಖಾನೆಯಿಂದ ಬರುತ್ತಿದ್ದ, ಅವನ ಅಂಗಿಗೆ ಯಾವಾಗಲೂ ಹಿಟ್ಟಿನ ವಾಸನೆ. ಒಂದು ಸಂಜೆ ಟಿ.ವಿ.ಯಲ್ಲಿ ಹವಾಮಾನ ಹೇಳುತ್ತಿದ್ದರು. ಸವಿತಾ ನೋಡುತ್ತಾ, "ನಾಳೆ ರಸ್ತೆ ಮೇಲೆಲ್ಲ ಐಸ್ ಇರುತ್ತಂತೆ ಮೇಡಂ" ಅಂದಳು. ದನಿಯಲ್ಲಿ ಏನೋ ಒಂದು ಗೆಲುವಿತ್ತು. ಹೇಳಿದ ಮೇಲೆ ಅವಳಿಗೇ ಅದು ಕೇಳಿಸಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡು ನನ್ನ ಮುಖ ನೋಡಿದಳು. ಐಸ್ ಇದ್ದರೆ ಕಾರುಗಳು ಜಾರುತ್ತವೆ. ಕಾರುಗಳಲ್ಲಿ ಮಕ್ಕಳಿರುತ್ತಾರೆ.

"ನಾನು ಏನಾಗ್ಬುಟ್ಟಿದೀನಿ ಮೇಡಂ" ಅಂದಳು.

ಬಿಜು ಎದ್ದು ಟಿ.ವಿ. ಆರಿಸಿದ.

ಸಮುದ್ರದ ಪಕ್ಕದ ಊರು

ಕರೆ ಬಂದದ್ದು ಬೆಳಿಗ್ಗೆ. ಸಮುದ್ರದ ಪಕ್ಕದ ಒಂದು ಊರಿನಲ್ಲಿ ಒಬ್ಬ ಹುಡುಗ. ರಕ್ತದ ಗುಂಪು ಹೊಂದಿತು, ಅಳತೆಯೂ ಹೊಂದಿತು. ಕಲಿಯಲಿ ಎಂದು ತಂಡದ ಜೊತೆ ನನ್ನನ್ನೂ ಕಳಿಸಿದರು. ಹೊರಡುವ ಮುಂಚೆ ವಾರ್ಡಿಗೆ ಓಡಿಹೋದೆ. ಚೈತ್ರಳಿಗೆ ಏನೂ ತಿನ್ನಿಸದೆ ಸ್ನಾನ ಮಾಡಿಸುತ್ತಿದ್ದರು. ಸವಿತಾ ನರ್ಸಿನ ಹಾಗೆ ಚುರುಕಾಗಿ ಓಡಾಡುತ್ತಿದ್ದಳು. ನಿಂಗಮ್ಮನವರು ನನ್ನ ಕೈ ಹಿಡಿದು, "ಆ ಮಗೀನ ಒಂದಪ ನೋಡಿ ಬನ್ನಿ. ನಮ್ ಕಡೆಯಿಂದ" ಅಂದರು.

ಪುಟ್ಟ ವಿಮಾನ. ಪಕ್ಕದ ಸೀಟಿನಲ್ಲಿ ಐಸ್ ತುಂಬಿದ ಪೆಟ್ಟಿಗೆ, ಅದಕ್ಕೂ ಬೆಲ್ಟು ಬಿಗಿದಿದ್ದರು. ಗಾಳಿಗೆ ವಿಮಾನ ಎದ್ದು ಬೀಳುತ್ತಿದ್ದರೆ ಎದುರಿಗೆ ಕೂತ ಸರ್ಜನ್ ಕ್ರಾಸ್‌ವರ್ಡ್ ತುಂಬಿಸುತ್ತಿದ್ದರು. ನನಗೆ ವಾಂತಿಯಾಯಿತು. ಅವರು ತಲೆ ಎತ್ತದೆ ಕರವಸ್ತ್ರ ಕೊಟ್ಟರು.

ಆಪರೇಷನ್ ಕೋಣೆಯಲ್ಲಿ ಕೆಲಸ ಶುರುಮಾಡುವ ಮೊದಲು ಎಲ್ಲರೂ ಒಂದು ಕ್ಷಣ ಕೈ ಕಟ್ಟಿ ಸುಮ್ಮನೆ ನಿಂತರು. ಆ ಹುಡುಗನ ಹೆಸರನ್ನು ಅಲ್ಲಿನ ನರ್ಸು ಜೋರಾಗಿ ಹೇಳಿದಳು. ನಾನು ಮುಖದ ಕಡೆ ನೋಡಲಾರದೆ ಕಾಲ ಕಡೆ ನೋಡಿದೆ. ಹಸಿರು ಬಟ್ಟೆಯಿಂದ ಹೊರಗಿದ್ದ ಪಾದದಲ್ಲಿ, ಬೆರಳ ಸಂದಿಯಲ್ಲಿ ಒಣಗಿದ ಕೆಸರಿತ್ತು. ಪೆಟ್ಟಾಗುವ ಮುಂಚೆ ಬೂಟಿನೊಳಕ್ಕೂ ಕೆಸರು ನುಗ್ಗುವ ಹಾಗೆ ಎಲ್ಲೋ ಆಡಿದ್ದ. ಹುಣಸೂರಿನ ಆಸ್ಪತ್ರೆಗೆ ಹೊಲದಿಂದ ನೇರ ಎತ್ತಿಕೊಂಡು ಬರುವ ಮಕ್ಕಳ ಕಾಲು ಹೀಗೇ ಇರುತ್ತವೆ. ಅಷ್ಟು ಸ್ವಚ್ಛವಾದ ಕೋಣೆಯಲ್ಲಿ ಆ ಕೆಸರನ್ನು ಒರೆಸಲು ಯಾರಿಗೂ ಕೈ ಬಂದಿರಲಿಲ್ಲವೋ ಏನೋ.

ಸರ್ಜನ್ ಎದೆ ತೆರೆದು ಹೃದಯದ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನೋಡಿದರು. ಬಿದ್ದ ಪೆಟ್ಟು ಹೃದಯಕ್ಕೂ ತಾಗಿತ್ತು. ಒಂದು ಪಕ್ಕ ಕಪ್ಪಗೆ ಕಂದಿ, ಆ ಭಾಗ ಅಲುಗುತ್ತಲೇ ಇರಲಿಲ್ಲ. ನನ್ನನ್ನು ಹತ್ತಿರ ಕರೆದು ತೋರಿಸಿದರು. ಇದನ್ನು ನಿಮ್ಮ ಮಗುವಿಗೆ ಹಾಕಿದರೆ ಆಪರೇಷನ್ ಮೇಜಿನ ಮೇಲೇ ತೀರಿಕೊಳ್ಳುತ್ತಾಳೆ ಅಂದರು. ಹೊರಗೆ ಹೋಗಿ ನಮ್ಮ ಆಸ್ಪತ್ರೆಗೆ ಫೋನು ಮಾಡಿದರು. ಹುಡುಗನ ಮೂತ್ರಪಿಂಡ, ಯಕೃತ್ತು ತೆಗೆದುಕೊಳ್ಳಲು ಬಂದಿದ್ದ ಬೇರೆ ತಂಡದವರು ನಮ್ಮ ಜಾಗದಲ್ಲಿ ಬಂದು ನಿಂತರು.

ವಾಪಸು ಬರುವಾಗ ಪೆಟ್ಟಿಗೆಗೆ ಯಾರೂ ಬೆಲ್ಟು ಹಾಕಲಿಲ್ಲ. ಸರ್ಜನ್ ತಮ್ಮ ಸ್ಯಾಂಡ್‌ವಿಚ್ಚನ್ನು ಎರಡು ಮಾಡಿ ಅರ್ಧ ನನಗೆ ಕೊಟ್ಟರು. ಇಬ್ಬರೂ ತಿಂದೆವು. ಕ್ರಾಸ್‌ವರ್ಡಿನ ಹಾಳೆ ಅವರ ಮಡಿಲಲ್ಲಿ ಮಡಿಸಿದಂತೇ ಇತ್ತು.

ವಾರ್ಡಿಗೆ ಬಂದರೆ ಚೈತ್ರಳನ್ನು ಆಪರೇಷನ್ ಕೋಣೆಯ ಬಾಗಿಲಿನಿಂದ ತಿರುಗಿ ಕರೆತಂದಿದ್ದರು. ಬೆಳಗಿನಿಂದ ಉಪವಾಸ. "ಅಮ್ಮಾ, ಹಸಿವು. ಟೋಸ್ಟ್ ಕೊಡು" ಎನ್ನುತ್ತಿದ್ದಳು. ಬಿಜು ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ. ಅಂಚಿನವರೆಗೂ ಒಂದೇ ಸಮನಾಗಿ ಸವರುತ್ತಿದ್ದ, ನಿಲ್ಲಿಸುತ್ತಲೇ ಇರಲಿಲ್ಲ. ಚೈತ್ರ ಎರಡು ತುತ್ತು ತಿಂದು ಸಾಕು ಎಂದಳು.

ನಿಂಗಮ್ಮನವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಬೇರೆ. "ನೋಡುದ್ರಾ ಆ ಮಗೀನ? ಎಂಗಿದ್ದ?"

"ಆಟ ಆಡಿ ಬಂದು ಮಲಗಿದ ಹಾಗಿದ್ದ ಅವ್ವಾ" ಅಂದೆ.

ಟೀ ಕುಡಿಯುವ ಕೋಣೆ

ಅದಾದ ಮೇಲೆ ಚೈತ್ರಳ ಹೃದಯ ಬೇಗ ಬೇಗ ಸೋತಿತು. ಒಂದು ಮಧ್ಯಾಹ್ನ ಅಜ್ಜಿ ಪಾದ ಒತ್ತುತ್ತಿದ್ದಾಗಲೇ ಬಡಿತ ತಾಳ ತಪ್ಪಿತು. ನಾವೆಲ್ಲ ಓಡಿಬಂದೆವು. ಎದೆ ಒತ್ತಿದೆವು, ಕರೆಂಟು ಕೊಟ್ಟೆವು. ಕೊನೆಗೆ ಪ್ರೊಫೆಸರು ಸವಿತಾಳ ಕಡೆ ನೋಡಿದರು. ಸವಿತಾಳೇ "ಸಾಕು" ಅಂದಳು. ಕನ್ನಡದಲ್ಲಿ ಅಂದಳು. ಅವರಿಗೆ ಅರ್ಥವಾಯಿತು.

ಪರದೆ ಎಳೆದರು. ನಿಂಗಮ್ಮನವರು ಸದ್ದು ಮಾಡಲಿಲ್ಲ. ಅಷ್ಟು ದಿನ ಆ ವಾರ್ಡಿನಲ್ಲಿದ್ದು ಅವರೂ ಸದ್ದಿಲ್ಲದೆ ಅಳುವುದನ್ನು ಕಲಿತುಬಿಟ್ಟಿದ್ದರು. ಅದನ್ನು ನೋಡುವುದು ನನಗೆ ಬೇರೆಲ್ಲಕ್ಕಿಂತ ಕಷ್ಟವಾಯಿತು.

ಆಮೇಲೆ ನಮ್ಮನ್ನು ಸೋಫಾ ಹಾಕಿದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಅಂಗದಾನದ ಕೆಲಸ ನೋಡಿಕೊಳ್ಳುವ ಹೆಂಗಸು ಬಂದಳು. ನನಗೆ ಗೊತ್ತಿದ್ದವಳು, ಬಹಳ ಮೃದು ಮಾತಿನವಳು. ಚೈತ್ರಳ ಕಣ್ಣುಗಳನ್ನು ಬೇರೆ ಮಕ್ಕಳಿಗೆ ಕೊಡಬಹುದೇ ಎಂದು ಕೇಳಿದಳು. ಕೇಳುವುದು ಅವಳ ಕರ್ತವ್ಯ, ಬೇಡ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದಳು. ನರ್ಸಾಗಿದ್ದ ಸವಿತಾಳಿಗೆ ಆ ಪ್ರಶ್ನೆ ಬರುತ್ತದೆಂದು ಮೊದಲೇ ಗೊತ್ತಿತ್ತು. ಬಿಜು ಗೋಡೆ ನೋಡುತ್ತಿದ್ದ.

"ನನ್ ಕೈಲಿ ಹೇಳಕ್ಕಾಗಲ್ಲ" ಅಂದಳು ಸವಿತಾ. "ಅವ್ವನ್ನ ಕೇಳಿ ಮೇಡಂ. ಅವಳು ಹೆಂಗಂದ್ರೆ ಹಂಗೆ."

ನಾನು ನಿಂಗಮ್ಮನವರಿಗೆ ಕನ್ನಡದಲ್ಲಿ ಹೇಳಿದೆ. ನನಗೆ ಗೊತ್ತಿದ್ದ ಎಲ್ಲ ಮೆತ್ತನೆಯ ಮಾತುಗಳಲ್ಲಿ ಹೇಳಿದೆ. ಅವರು ಟೀ ಕಪ್ಪನ್ನು ಎರಡು ಕೈಯಲ್ಲಿ ಹಿಡಿದು ಕೇಳಿಸಿಕೊಂಡರು.

"ಆವತ್ತು ಆ ಉಡ್ಗನ ಅಪ್ಪ ಅಮ್ಮ ಕೊಡ್ತೀನಿ ಅಂದಿದ್ರಲ್ಲ."

"ಹೂಂ ಅವ್ವಾ."

"ಅವ್ರು ದೊಡ್ ಜನ. ನನ್ ಕೈಲಾಗಲ್ಲ ಕಣವ್ವ." ಕಪ್ಪನ್ನು ಕೆಳಗಿಟ್ಟರು. "ಗೊತ್ತಿಲ್ದಿರೋ ದಾರಿ. ಒಬ್ಳೇ ವೋಗ್ಬೇಕು. ಕಣ್ಣೂ ಇಲ್ದಂಗ್ ಎಂಗ್ ಕಳುಸ್ಲಿ?"

ನಾನು ಇಂಗ್ಲಿಷಿನಲ್ಲಿ ಬರೀ "ಬೇಡವಂತೆ" ಎಂದಷ್ಟೇ ಹೇಳಿದೆ. ಉಳಿದದ್ದನ್ನು ಆ ಭಾಷೆಗೆ ತಿರುಗಿಸಲು ನನಗೆ ಬರಲಿಲ್ಲ. ಹೆಂಗಸು ತಲೆದೂಗಿ, ನಿಂಗಮ್ಮನವರ ಭುಜ ಮುಟ್ಟಿ, ಆರಿದ್ದ ಟೀ ತೆಗೆದುಕೊಂಡು ಹೋಗಿ ಬಿಸಿಯಾದದ್ದು ತಂದುಕೊಟ್ಟಳು.

ಮಣ್ಣು

ಅಲ್ಲಿ ಸುಡುವುದೇ ಸುಲಭ ಎಂದು ಎಲ್ಲರೂ ಹೇಳಿದರು. ನಿಂಗಮ್ಮನವರು ಒಪ್ಪಲಿಲ್ಲ. "ಮಕ್ಳ ಸುಡಲ್ಲ" ಅಂದರು, ಅಷ್ಟೇ. ಊರಿಗೆ ಒಯ್ಯೋಣವೇ ಎಂದು ಬಿಜು ಕೇಳಿದಾಗ ಸವಿತಾ, "ನಾನು ಇಲ್ಲೇ ಇರ್ಬೇಕಲ್ಲ. ಇಲ್ಲೇ ಇರ್ಲಿ" ಅಂದಳು.

ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಪುಟ್ಟ ಯಂತ್ರದಿಂದ ಅಗೆದಿದ್ದರು. ನಮ್ಮಲ್ಲಿ ಗುಂಡಿ ತೋಡಲು ಊರವರೇ ಹಾರೆ ಗುದ್ದಲಿ ತರುತ್ತಾರೆ, ಮಣ್ಣು ಸಡಿಲ, ಕೈಯಲ್ಲೂ ಬಾಚಬಹುದು. ಶವಸಂಸ್ಕಾರ ನಡೆಸುವ ಕಪ್ಪು ಕೋಟಿನ ಮನುಷ್ಯನೊಬ್ಬ ಪೆಟ್ಟಿಗೆಯ ಮುಂದೆ ನಿಧಾನವಾಗಿ ನಡೆದು, ತಿರುಗಿ, ಅದಕ್ಕೆ ಬಾಗಿ ನಮಸ್ಕರಿಸಿದ. ಬ್ರೆಡ್ಡಿನ ಕಾರ್ಖಾನೆಯವರು ಸಾಲಾಗಿ ಟೋಪಿ ತೆಗೆದು ನಿಂತಿದ್ದರು. ಅವರಲ್ಲಿ ಯಾರೂ ಚೈತ್ರಳನ್ನು ನೋಡಿದವರಲ್ಲ.

ಮೂರನೆಯ ದಿನ ಹಾಲು-ತುಪ್ಪ ಬಿಡಬೇಕೆಂದು ನಿಂಗಮ್ಮನವರು ಹಟ ಹಿಡಿದರು. ಅಂಗಡಿಯಿಂದ ಪ್ಲಾಸ್ಟಿಕ್ ಬಾಟಲಿಯ ಹಾಲು ತಂದೆವು. ತುಪ್ಪ ಸಿಗದೆ ಸವಿತಾ ಬೆಣ್ಣೆ ಕಾಯಿಸಿದಳು. ಮಣ್ಣಿನ ಮೇಲೆ ಹಾಲು ಹೊಯ್ದರೆ ಇಂಗಲಿಲ್ಲ. ಹೆಪ್ಪಾದ ನೆಲದ ಮೇಲೆ ಬಿಳಿಯಾಗಿ ನಿಂತು, ಅಂಚಿನಲ್ಲಿ ತೆಳ್ಳಗೆ ಮಂಜುಗಟ್ಟತೊಡಗಿತು. ನಿಂಗಮ್ಮನವರು ಕೂತು ಅದನ್ನೇ ನೋಡುತ್ತಿದ್ದರು. ಸವಿತಾ ಏಳಿಸಲು ಹೋದಳು.

"ಕುಡೀನಿಲ್ಲ ಕಣೇ" ಅಂದರು. "ತಡಿ, ಕುಡೀಲಿ."

ನಾವು ನಾಲ್ಕೂ ಜನ ಚಳಿಯಲ್ಲಿ ಬಹಳ ಹೊತ್ತು ಕಾದೆವು. ಹಾಲು ಹಾಗೇ ಇತ್ತು.

ವಾಪಸು

ಮಿಕ್ಕ ದಿನಗಳಲ್ಲಿ ನಾನು ವಾರ್ಡಿಗೆ ಹೋಗುತ್ತಿದ್ದೆ, ಕಲಿಯುತ್ತಿದ್ದೆ. ಇನ್ನೊಂದು ಮಗುವಿಗೆ ಹೃದಯ ಸಿಕ್ಕಿತು, ಅದು ಚೆನ್ನಾಗಿ ಬಡಿಯಿತು. ನಾನೂ ಸಂತೋಷಪಟ್ಟೆ. ಸವಿತಾ ಕೆಲಸಕ್ಕೆ ಹೋಗತೊಡಗಿದಳು. ನಿಂಗಮ್ಮನವರು ತಂದಿದ್ದ ರಾಗಿಹಿಟ್ಟು ಮುಗಿಯುವವರೆಗೂ ಬಿಜುವಿಗೆ ಮುದ್ದೆ ಮಾಡಿ ಹಾಕಿದರು. ಅವನು "ಅಮ್ಮೇ, ಸಾಕು" ಎನ್ನುತ್ತಲೇ ತಿನ್ನುತ್ತಿದ್ದ. ನನ್ನ ತರಬೇತಿ ಮುಗಿದಾಗ ಇಬ್ಬರೂ ಒಟ್ಟಿಗೆ ಹೊರಟೆವು.

ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟು ನೋಡಿದವಳು ನಗುತ್ತಾ, ಪ್ರವಾಸ ಚೆನ್ನಾಗಿತ್ತೇ ಎಂದು ಕೇಳಿದಳು. ಏನಂತೆ ಎಂದರು ನಿಂಗಮ್ಮನವರು. ಹೇಳಿದೆ.

"ಹೂಂ ಅನ್ನಿ. ಪಾಪ, ಅವ್ಳಿಗೇನ್ ಗೊತ್ತು."

ಬೇಗೂರಿನ ಮನೆಯ ಜಗಲಿಯಲ್ಲಿ ಅಕ್ಕಪಕ್ಕದವರು ಸೇರಿದರು. ಸುದ್ದಿ ಎಲ್ಲರಿಗೂ ಮುಟ್ಟಿತ್ತು, ಯಾರೂ ಅದನ್ನು ಎತ್ತಲಿಲ್ಲ. ನಿಂಗಮ್ಮನವರು ಚಲಿಸುವ ಮೆಟ್ಟಿಲಿನ ವಿಷಯ ಹೇಳಿದರು, ಗಂಟು ಹೊತ್ತ ಮುದುಕನ ವಿಷಯ ಹೇಳಿದರು. ಹೆಂಗಸರು ನಕ್ಕರು. ಅವರೂ ನಕ್ಕರು. ಮಧ್ಯೆ ತಟ್ಟನೆ ಎದ್ದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ನನ್ನನ್ನು ಬಸ್ಸಿಗೆ ಕಳಿಸಲು ರಸ್ತೆಯವರೆಗೂ ಬಂದರು. ಮೈಸೂರಿಗೆ ಹೋಗುವ ಬಸ್ಸು ತಡವಾಗಿತ್ತು.

"ಡಾಕ್ಟ್ರವ್ವ, ಅಲ್ಲಿ ಕಣ್ಗೂ ಯಾವ್ದಾರಾ ಮಗ ಕಾಯ್ಕಂಡಿತ್ತಾ?"

ಸುಳ್ಳು ಹೇಳಬಹುದಿತ್ತು. ಆ ವಾರ್ಡಿನಲ್ಲಿ ಕಲಿತದ್ದೋ ಏನೋ, ಬಾಯಿಗೆ ಬರಲಿಲ್ಲ.

"ಕಾಯ್ತಿರ್ತಾರೆ ಅವ್ವಾ."

ಅವರು ತಲೆಯಾಡಿಸಿದರು. "ಅದ್ರ ತಾಯಿನೂವೆ ನಮ್ ಸವಿತ್ನಂಗೆ ಕುಂತಿರ್ತಾಳೆ" ಅಂದರು. ನಾನು ಏನೋ ಹೇಳಲು ಹೋದೆ. "ಬುಡಿ. ಬಸ್ಸು ಬತ್ತಾ ಅದೆ" ಅಂದರು.

ಪಿರಿಯಾಪಟ್ಟಣ

ಬಂದ ಮೇಲೆ ಮೊದಲ ಕ್ಲಿನಿಕ್ಕು ಪಿರಿಯಾಪಟ್ಟಣದ್ದು. ಹೊಗೆಸೊಪ್ಪು ಹದ ಮಾಡುವ ಕಾಲ, ಊರಿಡೀ ಅದರ ಘಾಟು. ಸೊಪ್ಪು ಒಣಗಿಸುವ ಬ್ಯಾರನ್ ಕಟ್ಟಡದಲ್ಲಿ ಸೌದೆ ಒಟ್ಟುವ ಒಬ್ಬಾತ ಐದಾರು ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತು ಬಂದಿದ್ದ. ಮಗುವಿನ ಪಾದ ಊದಿತ್ತು, ತುಟಿ ನೀಲಿಗಟ್ಟಿತ್ತು. ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲು ಇಡಲೇ ಎಂದು ಮಗುವನ್ನು ಕೇಳಿದೆ. ಅದು ಅಪ್ಪನ ಮುಖ ನೋಡಿತು. ಅಪ್ಪ ನನ್ನ ಮುಖ ನೋಡಿದ.

ಎಕೋ ಮಾಡಿದೆ. ಅದೇ.

ಮಾತ್ರೆ ಬರೆದುಕೊಟ್ಟೆ. ಉಪ್ಪು ಕಮ್ಮಿ ಮಾಡಿ, ಎರಡು ವಾರಕ್ಕೆ ತಿರುಗಿ ಕರೆತನ್ನಿ ಅಂದೆ. ಅವನು ಚೀಟಿ ಹಿಡಿದುಕೊಂಡು ನಿಂತೇ ಇದ್ದ.

"ಇದ್ರಲ್ಲಿ ವಾಸಿ ಆಯ್ತದಾ ಮೇಡಂ?"

"ಕೆಲವರಿಗೆ ಆಗುತ್ತೆ."

"ಆಗ್ದಿದ್ರೆ? ಎಲ್ಲಾರಾ ಇದುಕ್ಕೆ ದಾರಿ ಐತಾ? ಎಲ್ಲಾದ್ರೂ ಸರಿ, ಒತ್ಕಂಡ್ ವೋಯ್ತೀನಿ."

ಹೋಗುವ ಮುಂಚೆ ಈ ಪ್ರಶ್ನೆಗೆ ನನ್ನ ಉತ್ತರ ಸಿದ್ಧವಾಗಿರುತ್ತಿತ್ತು. ಇಲ್ಲ ಎನ್ನುತ್ತಿದ್ದೆ, ಅದು ನನಗೆ ಗೊತ್ತಿದ್ದಷ್ಟು ನಿಜವಾಗಿತ್ತು. ಈಗ ಎಲ್ಲಿದೆ, ಹೇಗೆ ಮಾಡುತ್ತಾರೆ, ಎಷ್ಟು ಹೊತ್ತಿನೊಳಗೆ ತಂದು ಹೊಲಿಯಬೇಕು ಎಂಬುದೆಲ್ಲ ನನಗೆ ಗೊತ್ತಿತ್ತು. ಅದಕ್ಕೆ ಮೊದಲು ಏನಾಗಬೇಕು ಎಂಬುದೂ ಗೊತ್ತಿತ್ತು. ಬ್ಯಾರನ್ನಿನ ಬೂದಿ ಮೆತ್ತಿದ ಆ ಮನುಷ್ಯ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ನಾನು ಯಾವ ಊರಿನ ಹೆಸರು ಹೇಳಿದರೂ ಆಗಲೇ ನಡೆದು ಹೊರಡುವವನ ಹಾಗೆ ನಿಂತಿದ್ದ.

"ಇಲ್ಲ" ಅಂದೆ.

ಅವನು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಮಗುವಿನ ಊದಿದ ಪಾದಗಳನ್ನು ಎದೆಯ ಮೇಲೆ ಎರಡು ಕೈಯಲ್ಲಿ ಹಿಡಿದು, ಬಾಗಿಲಿಗೆ ಅದರ ತಲೆ ತಾಗದಂತೆ ಮಂಡಿ ಬಗ್ಗಿಸಿ ಹೊರಗೆ ಹೋದ.